ಕುಡಿದು ಓಡಿಸಿದ್ದಕ್ಕೆ ದಾಖಲೆ ಎಲ್ಲಿದೆ? ಒಂದು ಅಪಘಾತ ಪ್ರಕರಣದ ಅಧ್ಯಯನ

ಮಧ್ಯ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ 2023ರಲ್ಲಿ ನಡೆದ ರಸ್ತೆ ಅಪಘಾತದ ಪ್ರಕರಣವಿದು. ಗುರುತು ಸಿಗದಿರಲೆಂದು ಊರು, ಠಾಣೆ, ನ್ಯಾಯಾಲಯ ಮತ್ತು ವಾಹನದ ವಿವರಗಳನ್ನು ಬಿಟ್ಟಿದ್ದೇವೆ. ಸಮಯ ಮತ್ತು ಪ್ರಕರಣದ ಒಳಗಿನ ಅಂಕಿಗಳನ್ನು ತುಸು ಬದಲಿಸಿದ್ದೇವೆ. ಕಾನೂನಿನ ಕಲಮುಗಳು, ದಾಖಲೆಗಳ ಹೆಸರು, ಅವು ಸಿಕ್ಕ ಹಾದಿ ಮಾತ್ರ ಇದ್ದಂತೆಯೇ ಇವೆ.

ಹಿನ್ನೆಲೆ

ಮೃತರು 34 ವರ್ಷದ ರೈತ. ಸಂಜೆ ಡೇರಿಗೆ ಹಾಲು ಹಾಕಿ, ಪೇಟೆಯ ಕೆಲಸ ಮುಗಿಸಿ ಬೈಕಿನಲ್ಲಿ ಊರಿಗೆ ಮರಳುತ್ತಿದ್ದರು. ರಾತ್ರಿ ಒಂಬತ್ತರ ಸುಮಾರಿಗೆ ಎದುರಿನಿಂದ ಬಂದ ಸಣ್ಣ ಗೂಡ್ಸ್ ಗಾಡಿ ತನ್ನ ಬದಿ ಬಿಟ್ಟು ಬಂದು ಗುದ್ದಿತು. ಜಿಲ್ಲಾ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲೇ ಜೀವ ಹೋಯಿತು. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಠಾಣೆ, ಕೋರ್ಟು, ಆಸ್ಪತ್ರೆಯ ಓಡಾಟವೆಲ್ಲ ಮೃತರ ತಮ್ಮನ ಪಾಲಿಗೆ ಬಂತು.

ಗೂಡ್ಸ್ ಚಾಲಕನ ಹಣೆಗೂ ಪೆಟ್ಟಾಗಿತ್ತು. ಅವನನ್ನು ತಾಲ್ಲೂಕು ಆಸ್ಪತ್ರೆಗೆ ಸೇರಿಸಿದರು. ಸ್ಥಳಕ್ಕೆ ಓಡಿಬಂದವರೆಲ್ಲ ಒಂದೇ ಮಾತು ಹೇಳಿದರು: ‘ಕುಡಿದಿದ್ದ, ನೆಟ್ಟಗೆ ನಿಲ್ಲೋಕೂ ಆಗ್ತಿರಲಿಲ್ಲ.’ ಆದರೆ ಮರುದಿನ ಬೆಳಿಗ್ಗೆ ದಾಖಲಾದ ಎಫ್‌ಐಆರ್‌ನಲ್ಲಿ ಭಾರತೀಯ ದಂಡ ಸಂಹಿತೆಯ 279 (ಅಜಾಗರೂಕ ಚಾಲನೆ) ಮತ್ತು 304ಎ (ನಿರ್ಲಕ್ಷ್ಯದಿಂದ ಸಾವು) ಮಾತ್ರ ಇದ್ದವು. ಕುಡಿದು ವಾಹನ ಓಡಿಸುವುದಕ್ಕೆ ಇರುವ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಇರಲಿಲ್ಲ.

ಇದು ಅಪರೂಪವೇನಲ್ಲ. 185 ಅನ್ವಯಿಸಬೇಕಾದರೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇತ್ತೆಂದು ಉಸಿರಿನ ಪರೀಕ್ಷೆಯೋ ಪ್ರಯೋಗಾಲಯದ ಪರೀಕ್ಷೆಯೋ ತೋರಿಸಬೇಕು. ದೂರು ಕೊಡುವ ಹೊತ್ತಿಗೆ ಆ ಫಲಿತಾಂಶ ಯಾರ ಕೈಯಲ್ಲೂ ಇರುವುದಿಲ್ಲ. ‘ವಾಸನೆ ಬರುತ್ತಿತ್ತು’ ಎಂದು ದೂರಿನಲ್ಲಿ ಬರೆಸಿದ್ದರೆ ತನಿಖಾಧಿಕಾರಿಗೆ ಅದೊಂದು ಎಳೆಯಾಗುತ್ತಿತ್ತು. ದುಃಖದಲ್ಲಿದ್ದ ಮನೆಯವರಿಗೆ ಅದು ಹೊಳೆದಿರಲಿಲ್ಲ.

ಸಮಸ್ಯೆ

ಕುಟುಂಬಕ್ಕೆ ಬೇಕಿದ್ದದ್ದು ಮೂರು ಉತ್ತರಗಳು. ಚಾಲಕ ಕುಡಿದಿದ್ದನೆಂಬುದು ಯಾವುದಾದರೂ ಸರ್ಕಾರಿ ಕಾಗದದಲ್ಲಿ ಇದೆಯೇ? ಅವನನ್ನು ದಸ್ತಗಿರಿ ಮಾಡಿದರೇ? ಬೆಂಗಳೂರಿನಲ್ಲಿ ಗಾಡಿ ಓಡಿಸುತ್ತಿದ್ದಾಗಲೂ ಕುಡಿದು ಸಿಕ್ಕಿಬಿದ್ದಿದ್ದ ಎಂಬ ಊರಮಾತು ನಿಜವೇ?

ಮೊದಲ ಎರಡು ತಿಂಗಳು ಮೃತರ ತಮ್ಮ ಹುಡುಕಿದ್ದು ಹೆಸರಿನ ಮೇಲೆ. ಅಂತರ್ಜಾಲದಲ್ಲಿ ಚಾಲಕನ ಹೆಸರು ಹಾಕಿ ನೋಡಿದರು. ‘ಯಾರದೇ ಕ್ರಿಮಿನಲ್ ದಾಖಲೆ ತೆಗೆದುಕೊಡುತ್ತೇವೆ’ ಎಂದ ಒಂದು ಖಾಸಗಿ ತಾಣಕ್ಕೆ ದುಡ್ಡೂ ಕಟ್ಟಿದರು. ಅಲ್ಲಿಂದ ಬಂದದ್ದು ಅದೇ ಹೆಸರಿನ ಯಾರ್ಯಾರದೋ ಸಿವಿಲ್ ದಾವೆಗಳ ಪಟ್ಟಿ. ಅಮೆರಿಕದ ಕೆಲವು ಕೌಂಟಿಗಳಲ್ಲಿ ಜೈಲಿಗೆ ಬಂದವರ ಹೆಸರು, ಫೋಟೊ, ಆರೋಪ ಎಲ್ಲವೂ ಆನ್‌ಲೈನಿನಲ್ಲಿ ಸಿಗುತ್ತವೆ. ನಮ್ಮಲ್ಲಿ ಸಾರ್ವಜನಿಕರು ಹೆಸರು ಹಾಕಿ ನೋಡಬಹುದಾದ ಅಂಥ ಒಂದೇ ಪಟ್ಟಿ ಇಲ್ಲ. ಕುಡಿದು ಓಡಿಸಿದ್ದರ ಕುರುಹು ಬೇರೆ ಬೇರೆ ಕಚೇರಿಗಳಲ್ಲಿ ಚೂರುಚೂರಾಗಿ ಬಿದ್ದಿರುತ್ತದೆ, ಒಂದೊಂದು ಚೂರಿನ ಬಾಗಿಲಿಗೂ ಬೇರೆ ಬೀಗದ ಕೈ ಬೇಕು.

ಠಾಣೆಯಲ್ಲಿ ಬರಹ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೆಬಲ್ ಕೊನೆಗೆ ದಾರಿ ತೋರಿಸಿದರು.

‘ಸಾರ್, ಡ್ರೈವರ್ ಹೆಸರು ಹೇಳಿದ್ರೆ ಸಾಲ್ದಾ?’

‘ಹೆಸರಿಂದ ಏನೂ ಸಿಗಲ್ಲ ಕಣಪ್ಪ. ಕ್ರೈಂ ನಂಬರ್ ಬರ್ಕೊ, ಠಾಣೆ ಹೆಸರು ಬರ್ಕೊ, ವರ್ಷ ಬರ್ಕೊ. ಈ ಮೂರಿದ್ರೆ ಕೋರ್ಟಲ್ಲಿ ಎಲ್ಲಾ ಸಿಗುತ್ತೆ.’

ಕ್ರೈಂ ನಂಬರ್ ಎಂದರೆ ಎಫ್‌ಐಆರ್‌ನ ಸಂಖ್ಯೆ. ಹುಡುಕಾಟ ಹಳಿಗೆ ಬಂದದ್ದು ಇಲ್ಲಿಂದ.

ಮೊದಲ ಹೆಜ್ಜೆ: ಎಫ್‌ಐಆರ್‌ನಿಂದ ಕೋರ್ಟಿನ ನಂಬರಿಗೆ

ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಅದನ್ನು ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಹೇಳಿದೆ. ಸಂಪರ್ಕದ ತೊಂದರೆಯಿದ್ದರೆ 72 ಗಂಟೆವರೆಗೆ ಸಡಿಲಿಕೆಯಿದೆ, ಲೈಂಗಿಕ ಅಪರಾಧ ಮತ್ತು ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿಯಿದೆ. ಅಪಘಾತದ ಎಫ್‌ಐಆರ್‌ಗೆ ಅಂಥ ಅಡ್ಡಿಯಿಲ್ಲ. ಜಿಲ್ಲೆ, ಠಾಣೆ, ನಂಬರ್, ವರ್ಷ ಗೊತ್ತಿದ್ದ ಮೇಲೆ ಪ್ರತಿ ಸಿಗಲು ತಡವಾಗಲಿಲ್ಲ.

ಇಲ್ಲೊಂದು ಮಾತು ಗಮನದಲ್ಲಿರಲಿ. ಅಪಘಾತವಾಗದೆ, ರಸ್ತೆ ತಪಾಸಣೆಯಲ್ಲಿ ಸಿಕ್ಕಿಬಿದ್ದ ಡಿ.ಡಿ. ಕೇಸಿಗೆ (ಪೊಲೀಸರ ಮಾತಿನಲ್ಲಿ ಡ್ರಂಕ್ ಅಂಡ್ ಡ್ರೈವ್) ಸಾಮಾನ್ಯವಾಗಿ ಎಫ್‌ಐಆರ್ ಇರುವುದಿಲ್ಲ. ಉಸಿರಿನ ಪರೀಕ್ಷೆಯ ಚೀಟಿ ಲಗತ್ತಿಸಿ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ವರದಿ ಹೋಗುತ್ತದೆ. 185 ಸ್ಥಳದಲ್ಲೇ ದಂಡ ಕಟ್ಟಿ ಮುಗಿಸುವ ತಪ್ಪಲ್ಲ, ಕೋರ್ಟಿಗೆ ಹೋಗಲೇಬೇಕು. ಆದ್ದರಿಂದ ಎಫ್‌ಐಆರ್ ಪುಟದಲ್ಲಿ ಏನೂ ಕಾಣಲಿಲ್ಲವೆಂದರೆ ಪ್ರಕರಣವೇ ಇಲ್ಲವೆಂದು ಅರ್ಥವಲ್ಲ.

ಮೂರನೇ ತಿಂಗಳ ಕೊನೆಗೆ ದೋಷಾರೋಪಣ ಪಟ್ಟಿ ಸಲ್ಲಿಕೆಯಾಯಿತು. ಕೋರ್ಟುಗಳ ಕೇಸಿನ ಮಾಹಿತಿ ಕೊಡುವ ಇ-ಕೋರ್ಟ್ಸ್ ತಾಣದ ‘ಕೇಸ್ ಸ್ಟೇಟಸ್’ ವಿಭಾಗದಲ್ಲಿ ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ, ‘ಎಫ್‌ಐಆರ್ ನಂಬರ್’ ಎಂಬ ಟ್ಯಾಬಿನಲ್ಲಿ ಠಾಣೆ, ನಂಬರ್, ವರ್ಷ ಕೊಟ್ಟಾಗ ಸಿ.ಸಿ. (ಕ್ರಿಮಿನಲ್ ಕೇಸ್) ನಂಬರ್ ಬಂತು. ಅದರ ಜೊತೆಗೆ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಸಂಖ್ಯೆಯೂ ಸಿಕ್ಕಿತು: ಮೊದಲ ನಾಲ್ಕು ಅಕ್ಷರ, ಆಮೇಲೆ ಕೋರ್ಟಿನ ಎರಡು ಅಂಕಿ, ಆರು ಅಂಕಿಯ ಕ್ರಮಸಂಖ್ಯೆ, ಕೊನೆಗೆ ವರ್ಷ. ಸಿ.ಸಿ. ನಂಬರ್ ಒಂದು ಕೋರ್ಟಿನಿಂದ ಇನ್ನೊಂದಕ್ಕೆ ವರ್ಗವಾದಾಗ ಬದಲಾಗಬಹುದು. ಸಿಎನ್‌ಆರ್ ಒಂದನ್ನು ಬರೆದಿಟ್ಟುಕೊಂಡರೆ ಮುಂದಿನ ದಿನಾಂಕ, ಹಂತ, ಆದೇಶ ಎಲ್ಲವನ್ನೂ ಅದರಿಂದಲೇ ನೋಡಬಹುದು.

ಇ-ಕೋರ್ಟ್ಸ್‌ನಲ್ಲಿ ಕಾಣುವುದು ಕೇಸಿನ ಚಲನೆ ಮಾತ್ರ, ಕಡತದೊಳಗಿನ ಕಾಗದಗಳಲ್ಲ. ದೋಷಾರೋಪಣ ಪಟ್ಟಿ ಸಾರ್ವಜನಿಕ ದಾಖಲೆಯಲ್ಲ, ಅದನ್ನು ತಾಣದಲ್ಲಿ ಹಾಕುವಂತೆ ಹೇಳಲಾಗದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಸೌರವ್ ದಾಸ್ ಪ್ರಕರಣದಲ್ಲಿ ತೀರ್ಮಾನಿಸಿದೆ.

ತಮ್ಮ ಈ ನಡುವೆ ಠಾಣೆಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದ್ದರು. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದ ಮಿತಿ ಎಂಬ ಕರ್ನಾಟಕದ ನಿಯಮಗಳನ್ನೆಲ್ಲ ಪಾಲಿಸಿದ್ದರು. ತನಿಖೆ ನಡೆಯುತ್ತಿದೆ ಎಂಬ ಕಾರಣಕ್ಕೆ ಮಾಹಿತಿ ಹಕ್ಕು ಕಾಯ್ದೆಯ 8(1)(ಎಚ್) ಅಡಿ ನಿರಾಕರಣೆ ಬಂತು. ಕೋರ್ಟಿನ ಕಡತಕ್ಕೂ ಈ ದಾರಿ ಕೂಡಿಬರುವುದಿಲ್ಲ. ಕೋರ್ಟಿನ ದಾಖಲೆಯನ್ನು ಕೋರ್ಟಿನ ನಿಯಮದಂತೆಯೇ ಪಡೆಯಬೇಕೆಂದು ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಸುಪ್ರೀಂ ಕೋರ್ಟಿನ 2020ರ ತೀರ್ಪು ಹೇಳಿದೆ. ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕಾದದ್ದು ಕೋರ್ಟಿನ ನಕಲು ವಿಭಾಗಕ್ಕೆ.

ನಕಲಿನಲ್ಲಿ ಸಿಕ್ಕ ಒಂದು ಸಾಲು

ವಕೀಲರ ಮೂಲಕ ಇಡೀ ಕಡತಕ್ಕೆ ಅರ್ಜಿ ಹಾಕಿದ್ದು ಒಳ್ಳೆಯ ನಿರ್ಧಾರ. ಎಷ್ಟೋ ಜನ ಎಫ್‌ಐಆರ್, ದೋಷಾರೋಪಣ ಪಟ್ಟಿ ಎರಡನ್ನಷ್ಟೇ ಕೇಳಿ ಸುಮ್ಮನಾಗುತ್ತಾರೆ. ಇಲ್ಲಿ ಬಂದದ್ದು ದೂರು, ಸ್ಪಾಟ್ ಮಹಜರ್, ಸ್ಕೆಚ್, ಮೋಟಾರು ವಾಹನ ನಿರೀಕ್ಷಕರ ಐಎಂವಿ ರಿಪೋರ್ಟ್, ಶವಪರೀಕ್ಷೆ ವರದಿ, ಚಾಲಕ ಯಾರೆಂದು ಕೇಳಿ ಗಾಡಿ ಮಾಲೀಕರಿಗೆ ಕೊಟ್ಟ 133ನೇ ಕಲಮಿನ ನೋಟಿಸು ಮತ್ತು ಅವರ ಉತ್ತರ, ಜೊತೆಗೆ ಚಾಲಕನ ಗಾಯದ ಪ್ರಮಾಣಪತ್ರ. ಆ ಪ್ರಮಾಣಪತ್ರದಲ್ಲಿ ಹಣೆಯ ಗಾಯದ ಅಳತೆಯ ಕೆಳಗೆ, ವೈದ್ಯರ ಕೈಬರಹದಲ್ಲಿ ‘ಉಸಿರಿನಲ್ಲಿ ಮದ್ಯದ ವಾಸನೆ ಇದೆ’ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು. ಪಕ್ಕದಲ್ಲಿ ಎಂಎಲ್‌ಸಿ (ಪೊಲೀಸ್ ಪ್ರಕರಣವಾಗುವ ಗಾಯಗಳಿಗೆ ಆಸ್ಪತ್ರೆ ಕೊಡುವ) ನಂಬರ್ ಮತ್ತು ವೇಳೆ: ರಾತ್ರಿ 10.05.

ದೋಷಾರೋಪಣ ಪಟ್ಟಿಯ ಕೊನೆಯ ಪುಟದಲ್ಲಿ ಇನ್ನೊಂದು ಸುಳಿವಿತ್ತು. ಆರೋಪಿಯ ರಕ್ತದ ಮಾದರಿಯನ್ನು ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಕಳುಹಿಸಿದ್ದು ವರದಿ ಬಂದ ನಂತರ ಸಲ್ಲಿಸಲಾಗುವುದು ಎಂಬ ಷರಾ. ಅಂದರೆ ರಕ್ತ ತೆಗೆದಿದ್ದರು. ಎಫ್‌ಐಆರ್‌ನಲ್ಲಿ 185 ಇಲ್ಲದ್ದನ್ನು ನೋಡಿ ಪೊಲೀಸರು ವಿಷಯವನ್ನು ಮುಚ್ಚಿಹಾಕಿದ್ದಾರೆಂದು ಮನೆಯವರು ನಂಬಿದ್ದರು. ಕಾಗದ ಬೇರೆಯದನ್ನೇ ಹೇಳುತ್ತಿತ್ತು.

ಈ ಮಾದರಿಯ ಹಿಂದಿನ ಕಾನೂನು ಮತ್ತು ವಿಜ್ಞಾನ ತಿಳಿದಿರಬೇಕು. 185ರಡಿ ದಸ್ತಗಿರಿಯಾದವನನ್ನು ಎರಡು ಗಂಟೆಯೊಳಗೆ ವೈದ್ಯಕೀಯ ತಪಾಸಣೆಗೆ ಒಳಪಡಿಸಬೇಕು, ಇಲ್ಲದಿದ್ದರೆ ಬಿಡಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 202ನೇ ಕಲಂ. ಒಳರೋಗಿಯಾಗಿ ಆಸ್ಪತ್ರೆಯಲ್ಲಿರುವವನಿಂದ, ಚಿಕಿತ್ಸೆ ಕೊಡುವ ವೈದ್ಯರ ಆಕ್ಷೇಪವಿಲ್ಲದಿದ್ದರೆ, ರಕ್ತದ ಮಾದರಿ ಕೇಳಲು 204ರಲ್ಲಿ ಅವಕಾಶವಿದೆ. ಸೂಜಿ ಚುಚ್ಚುವ ಜಾಗವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬಾರದು, ಒರೆಸಿದರೆ ಆ ಮದ್ಯಸಾರವೇ ಮಾದರಿಗೆ ಸೇರಿತು ಎಂಬ ವಾದಕ್ಕೆ ಎಡೆಯಾಗುತ್ತದೆ. ಸೀಸೆಯಲ್ಲಿ ಸೋಡಿಯಂ ಫ್ಲೋರೈಡ್ ಇರಬೇಕು. ಇಲ್ಲವಾದರೆ ಸೂಕ್ಷ್ಮಜೀವಿಗಳು ರಕ್ತದ ಸಕ್ಕರೆಯನ್ನು ಹುದುಗಿಸಿ ಮದ್ಯಸಾರದ ಅಂಕಿಯನ್ನೇ ಕೆಡಿಸುತ್ತವೆ. ಸೀಲು, ಸಾಗಿಸಿದ ಕಾನ್‌ಸ್ಟೆಬಲ್, ಪ್ರಯೋಗಾಲಯದ ಸ್ವೀಕೃತಿ, ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ವಿಚಾರಣೆಯಲ್ಲಿ ಅದೇ ದೊಡ್ಡದಾಗುತ್ತದೆ.

ಇಲ್ಲಿ ರಕ್ತ ತೆಗೆದದ್ದು ರಾತ್ರಿ 12.40ಕ್ಕೆ, ಅಪಘಾತವಾಗಿ ಮೂರೂವರೆ ಗಂಟೆಯ ಮೇಲೆ. ತಡವಾಯಿತಲ್ಲ ಎಂದು ತಮ್ಮ ಕಂಗಾಲಾದರು. ಸಾಮಾನ್ಯವಾಗಿ ರಕ್ತದ ಮದ್ಯಸಾರ ಗಂಟೆಗೆ 15ರಿಂದ 20 ಮಿಲಿಗ್ರಾಂನಷ್ಟು ಇಳಿಯುತ್ತದೆ. ಹೀಗಾಗಿ ತಡವಾಗಿ ತೆಗೆದ ಮಾದರಿಯಲ್ಲೂ ಮಿತಿ ಮೀರಿದ್ದರೆ, ಗುದ್ದಿದ ಹೊತ್ತಿಗೆ ಅದಕ್ಕಿಂತ ಹೆಚ್ಚೇ ಇದ್ದಿರಬೇಕು ಎಂಬ ವಾದಕ್ಕೆ ಬಲ ಬರುತ್ತದೆ. ಅಪಾಯವಿರುವುದು ಅಂಕಿ 30ರ ಕೆಳಗೆ ಇಳಿದುಬಿಟ್ಟಾಗ.

ಎಂಟನೇ ತಿಂಗಳಲ್ಲಿ ವರದಿ ಬಂತು: 100 ಮಿಲಿಲೀಟರಿಗೆ 74 ಮಿಲಿಗ್ರಾಂ. ತನಿಖಾಧಿಕಾರಿ 185 ಸೇರಿಸಿ ಹೆಚ್ಚುವರಿ ದೋಷಾರೋಪಣ ಪಟ್ಟಿ ಸಲ್ಲಿಸಿದರು. ಆದರೆ ಅದು ತಾನಾಗಿ ಆಗಲಿಲ್ಲ. ವರದಿ ಠಾಣೆಗೆ ತಲುಪಿ ಬೇರೊಂದು ಕಡತದಲ್ಲಿ ಕೂತಿತ್ತು. ಪ್ರಯೋಗಾಲಯದ ಸ್ವೀಕೃತಿ ಸಂಖ್ಯೆಯನ್ನು ನಕಲಿನಿಂದ ಎತ್ತಿಕೊಂಡು, ಅದನ್ನೇ ನಮೂದಿಸಿ ಠಾಣಾಧಿಕಾರಿಗೂ ಸಹಾಯಕ ಸರ್ಕಾರಿ ಅಭಿಯೋಜಕರಿಗೂ ಲಿಖಿತ ಮನವಿ ಕೊಟ್ಟ ಮೇಲೆ ಅದು ಹೊರಬಂತು. ‘ಎಫ್‌ಎಸ್‌ಎಲ್ ರಿಪೋರ್ಟ್ ಏನಾಯಿತು?’ ಎಂದು ಬಾಯಲ್ಲಿ ಕೇಳುವುದಕ್ಕೂ ನಂಬರ್ ಬರೆದು ಕೇಳುವುದಕ್ಕೂ ಇರುವ ವ್ಯತ್ಯಾಸ ಈ ಪ್ರಕರಣದುದ್ದಕ್ಕೂ ಕಾಣುತ್ತದೆ.

ದಸ್ತಗಿರಿಯ ದಾಖಲೆ

ಈ ಪ್ರಶ್ನೆಗೆ ಉತ್ತರ ಚಿಕ್ಕದು. 304ಎ ಜಾಮೀನು ಸಿಗುವ ಅಪರಾಧ. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಚಾಲಕನಿಗೆ ನೋಟಿಸು ಕೊಟ್ಟು, ಹೇಳಿಕೆ ಪಡೆದು, ಠಾಣಾ ಜಾಮೀನಿನ ಮೇಲೆ ಕಳುಹಿಸಿದ್ದರು. ದಸ್ತಗಿರಿ ಮೆಮೊ ಮತ್ತು ಜಾಮೀನು ಮುಚ್ಚಳಿಕೆ ಕೋರ್ಟಿನ ಕಡತದಲ್ಲೇ ಸಿಕ್ಕವು. ದಸ್ತಗಿರಿಯಾದವರ ಹೆಸರು, ವಿಳಾಸವನ್ನು ಜಿಲ್ಲಾ ನಿಯಂತ್ರಣ ಕೊಠಡಿಯ ಫಲಕದಲ್ಲಿ ಹಾಕಬೇಕೆಂಬುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 41ಸಿಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ಇದನ್ನು ಪ್ರತಿ ಠಾಣೆಗೂ ವಿಸ್ತರಿಸಿ, ಅಪರಾಧದ ಸ್ವರೂಪವನ್ನೂ ಸೇರಿಸಿ, ಡಿಜಿಟಲ್ ರೂಪದಲ್ಲೂ ಪ್ರದರ್ಶಿಸಬೇಕೆನ್ನುತ್ತದೆ. ಆದರೆ ಫಲಕ ಆ ಹೊತ್ತಿನ ಮಾಹಿತಿ. ತಿಂಗಳುಗಳ ನಂತರ ಹುಡುಕುವವರು ಕೋರ್ಟಿನ ಕಡತವನ್ನೇ ನಂಬಬೇಕು. ಇನ್ನೊಂದು: ದಸ್ತಗಿರಿಯಾಗದೆ ನೋಟಿಸಿನ ಮೇಲೆಯೇ ಪ್ರಕರಣ ನಡೆದು ಶಿಕ್ಷೆಯಾಗಬಹುದು, ದಸ್ತಗಿರಿಯಾಗಿಯೂ ಖುಲಾಸೆಯಾಗಬಹುದು. ಎರಡನ್ನೂ ಒಂದೆಂದು ಓದುವುದು ತಪ್ಪು.

ಹಳೆಯ ಪ್ರಕರಣದ ಹುಡುಕಾಟ

ಬೆಂಗಳೂರಿನ ಊರಮಾತಿಗೆ ಎಫ್‌ಐಆರ್ ನಂಬರ್ ಇರಲಿಲ್ಲ. ಇಲ್ಲಿ ಹೆಸರಿನಿಂದಲೇ ಹೊರಡಬೇಕಾಯಿತು. ಇ-ಕೋರ್ಟ್ಸ್‌ನ ‘ಪಾರ್ಟಿ ನೇಮ್’ ಟ್ಯಾಬಿಗೆ ಕನಿಷ್ಠ ಮೂರು ಅಕ್ಷರ ಮತ್ತು ನೋಂದಣಿಯ ವರ್ಷ ಬೇಕು. ‘ಪೆಂಡಿಂಗ್’ ಎಂದು ಆರಿಸಿದ್ದರೆ ಮುಗಿದ ಕೇಸುಗಳು ತೋರುವುದಿಲ್ಲ. ಡಿ.ಡಿ. ಕೇಸುಗಳು ತಪ್ಪೊಪ್ಪಿಗೆಯಲ್ಲಿ ಬೇಗ ಮುಗಿಯುವುದೇ ಹೆಚ್ಚು, ಆದ್ದರಿಂದ ‘ಡಿಸ್ಪೋಸ್ಡ್’ ಅಥವಾ ‘ಬೋತ್’ ಆರಿಸಬೇಕು. ಬೆಂಗಳೂರಿನಲ್ಲಿ ಸಂಚಾರ ಪ್ರಕರಣಗಳಿಗೇ ಪ್ರತ್ಯೇಕ ನ್ಯಾಯಾಲಯಗಳಿವೆ. ಬೇರೆ ಕೋರ್ಟ್ ಸಂಕೀರ್ಣ ಆರಿಸಿ ಹುಡುಕಿದರೆ ಏನೂ ಸಿಗದು.

ಹೆಸರಿನ ಕಾಗುಣಿತದ ಕಾಟ ಬೇರೆ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮಂಜುನಾಥ, ಬಸವರಾಜ ಮುಂತಾದವುಗಳ ಕೊನೆಗೆ ‘ಎ’ ಅಕ್ಷರ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಇನಿಶಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಪೂರ್ತಿ ಹೆಸರು ಹಾಕಿದಷ್ಟೂ ತಪ್ಪಿಹೋಗುವ ಸಂಭವ ಜಾಸ್ತಿ. ಮೊದಲ ನಾಲ್ಕೈದು ಅಕ್ಷರ ಹಾಕಿ, ವರ್ಷ ಒಂದೊಂದಾಗಿ ಬದಲಿಸಿ, ಬಂದ ಪಟ್ಟಿಯನ್ನು ಕಣ್ಣಿನಿಂದ ಜರಡಿ ಹಿಡಿಯುವುದೇ ಸರಿ.

ಹೀಗೆ ಹುಡುಕಿದಾಗ ಹೆಸರು ಹೊಂದುವ, 185ನೇ ಕಲಮಿನ ಎರಡು ಮುಗಿದ ಕೇಸುಗಳು ಕಂಡವು. ತಮ್ಮ ಮೊದಲನೆಯದರ ಸ್ಕ್ರೀನ್‌ಶಾಟನ್ನು ಬಂಧುಗಳ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಬಿಟ್ಟರು. ವಕೀಲರು ಗಾಬರಿಯಾಗಿ ಅಳಿಸಲು ಹೇಳಿದರು. ಅವರು ಗಾಬರಿಯಾದದ್ದು ಸರಿ ಎಂಬುದು ಆದೇಶ ಹಾಳೆಯ ನಕಲು ಬಂದಾಗ ತಿಳಿಯಿತು. ಮೊದಲನೆಯ ಕೇಸಿನ ಆರೋಪಿಯ ‘ಬಿನ್’ ಮುಂದಿನ ತಂದೆಯ ಹೆಸರೇ ಬೇರೆ, ವಯಸ್ಸು ಹನ್ನೊಂದು ವರ್ಷ ಹೆಚ್ಚು. ಸಂಬಂಧವೇ ಇಲ್ಲದ ಒಬ್ಬ ಮನುಷ್ಯನ ಹಳೆಯ ತಪ್ಪು, ಸಾವಿಗೆ ಕಾರಣನಾದವನೆಂಬ ಹಣೆಪಟ್ಟಿಯೊಂದಿಗೆ ಹಳ್ಳಿಯ ತುಂಬ ಹರಿದಾಡುವುದು ಸ್ವಲ್ಪದರಲ್ಲಿ ತಪ್ಪಿತು.

ಎರಡನೆಯದು ಹೊಂದಿತು. ತಂದೆಯ ಹೆಸರು, ವಯಸ್ಸು, ಚಾಲನಾ ಪರವಾನಗಿ ಸಂಖ್ಯೆ ಮೂರೂ ಅಪಘಾತದ ಕಡತದಲ್ಲಿದ್ದುದಕ್ಕೆ ತಾಳೆಯಾದವು. ಪ್ರಕರಣದ ಪಕ್ಷಕಾರರಲ್ಲದವರು ನಕಲು ಕೇಳುವಾಗ ಏಕೆ ಬೇಕೆಂದು ಅಫಿಡವಿಟ್ಟಿನೊಂದಿಗೆ ಹೇಳಬೇಕಾಗುತ್ತದೆ. ಸಾವಿನ ಪ್ರಕರಣದ ಸಿ.ಸಿ. ನಂಬರ್ ನಮೂದಿಸಿದ್ದರಿಂದ ಅರ್ಜಿ ಒಪ್ಪಿತವಾಯಿತು. ಬಂದದ್ದು ಒಂದೂವರೆ ಪುಟ. ಆರೋಪಿ ಹಾಜರು, ಆಪಾದನೆಯ ಸಾರಾಂಶ ಓದಿ ಹೇಳಲಾಯಿತು, ತಪ್ಪೊಪ್ಪಿಕೊಂಡಿದ್ದಾನೆ, 10,000 ರೂಪಾಯಿ ದಂಡ. ಉಸಿರಿನ ಪರೀಕ್ಷೆಯ ಮೂಲ ಚೀಟಿಯೂ ಕಡತದಲ್ಲಿತ್ತು, ಆದರೆ ಬರೀ ಕಂದು ಬಣ್ಣದ ಕಾಗದವಾಗಿ. ಆ ಯಂತ್ರಗಳು ಬಿಸಿಗೆ ಕಪ್ಪಾಗುವ ಕಾಗದದಲ್ಲಿ ಮುದ್ರಿಸುತ್ತವೆ, ಒಂದೆರಡು ಬೇಸಿಗೆ ಕಳೆದರೆ ಅಕ್ಷರ ಮಾಸಿಹೋಗುತ್ತದೆ. ಪೊಲೀಸ್ ವರದಿಯಲ್ಲಿ ಟೈಪಾಗಿದ್ದ ಅಂಕಿಯಷ್ಟೇ ಉಳಿದಿತ್ತು. ತಪ್ಪೊಪ್ಪಿಗೆಯ ಆದೇಶ ಇದ್ದುದರಿಂದ ತೊಂದರೆಯಾಗಲಿಲ್ಲ. ವಿವಾದವಿರುವ ಪ್ರಕರಣದಲ್ಲಿ ಅಂಥ ಚೀಟಿಯ ಜೆರಾಕ್ಸ್ ಮೊದಲ ದಿನವೇ ಆಗಬೇಕು.

ಕವಲುದಾರಿ: ಇದೆಲ್ಲ ಯಾರಿಗೆ ಉಪಯೋಗ?

ಇಷ್ಟು ಕಾಗದ ಕೈಗೆ ಬಂದ ಮೇಲೆ ತಮ್ಮನ ಎಣಿಕೆ ಸರಳವಾಗಿತ್ತು: ಕುಡಿದಿದ್ದ ಎಂದು ತೋರಿಸಿದರೆ ಪರಿಹಾರ ಜಾಸ್ತಿ ಸಿಗುತ್ತದೆ. ವಕೀಲರು ಇಲ್ಲಿ ತಡೆದರು. ಈ ಪ್ರಕರಣದ ನಿಜವಾದ ತಿರುವು ಇದೇ.

ಮೋಟಾರು ಅಪಘಾತ ನ್ಯಾಯಮಂಡಳಿ ಪರಿಹಾರ ಲೆಕ್ಕ ಹಾಕುವುದು ಮೃತರ ಆದಾಯ, ವಯಸ್ಸು, ಅವಲಂಬಿತರ ಸಂಖ್ಯೆಯ ಮೇಲೆ. ಸರಳಾ ವರ್ಮಾ (2009) ತೀರ್ಪಿನ ಕೋಷ್ಟಕದಲ್ಲಿ 31ರಿಂದ 35ರ ವಯಸ್ಸಿಗೆ ಗುಣಕ (ವರ್ಷದ ಆದಾಯವನ್ನು ಗುಣಿಸುವ ಅಂಕಿ) 16. ಅವಲಂಬಿತರು ನಾಲ್ವರಿಂದ ಆರು ಜನರಿದ್ದರೆ ಸ್ವಂತ ಖರ್ಚಿಗೆ ಕಾಲುಭಾಗ ಕಳೆಯುತ್ತಾರೆ. ಪ್ರಣಯ್ ಸೇಥಿ (2017) ಪ್ರಕಾರ ಸ್ವಂತ ದುಡಿಮೆಯ, 40ರೊಳಗಿನವರಿಗೆ ಭವಿಷ್ಯದ ಆದಾಯವೆಂದು ಶೇ 40 ಸೇರಿಸುತ್ತಾರೆ. ಚಾಲಕನ ರಕ್ತದಲ್ಲಿ 74 ಇತ್ತೋ 174 ಇತ್ತೋ, ಈ ಲೆಕ್ಕ ಬದಲಾಗದು. ಕುಡಿತದ ಸಾಕ್ಷ್ಯ ನಿರ್ಲಕ್ಷ್ಯವನ್ನು ಗಟ್ಟಿ ಮಾಡುತ್ತದೆ, ಮೊತ್ತವನ್ನು ಏರಿಸುವುದಿಲ್ಲ.

ಅದಕ್ಕಿಂತ ದೊಡ್ಡ ತೊಡಕು ವಿಮೆಯದು. ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಾದ 11ನೇ ಅಧ್ಯಾಯ 2022ರ ಏಪ್ರಿಲ್ 1ರಿಂದ ಜಾರಿಯಾಗಿದೆ. ಅದರ 150ನೇ ಕಲಂ, 185ರಲ್ಲಿ ಹೇಳಿದಂತೆ ಕುಡಿದು ಓಡಿಸಿದ್ದನ್ನು ಹೊಣೆ ತಪ್ಪಿಸಿಕೊಳ್ಳಲು ವಿಮಾ ಕಂಪನಿ ಎತ್ತಬಹುದಾದ ಆಕ್ಷೇಪಗಳ ಸಾಲಿಗೆ ಸೇರಿಸಿದೆ. ಕುಟುಂಬ ಕಷ್ಟಪಟ್ಟು ಹೊರತೆಗೆಸಿದ ಅದೇ ರಕ್ತದ ವರದಿಯನ್ನು ಹಿಡಿದು ‘ಷರತ್ತು ಉಲ್ಲಂಘನೆಯಾಗಿದೆ, ನಾವು ಹೊಣೆಯಲ್ಲ’ ಎಂದು ಕಂಪನಿ ಹೇಳಬಹುದು. ಗಾಡಿ ಮಾಲೀಕರ ಬಳಿ ಅಷ್ಟು ಹಣವಿಲ್ಲವೆಂದರೆ ತೀರ್ಪು ಕಾಗದದಲ್ಲೇ ಉಳಿಯುತ್ತದೆ.

ಹಾಗಾದರೆ ವರದಿಯನ್ನು ಪಕ್ಕಕ್ಕಿಡುವುದೇ? ಮನೆಯಲ್ಲಿ ಆ ಮಾತೂ ಬಂತು. ಮೃತರ ಹೆಂಡತಿಯೇ ಬೇಡವೆಂದರು. ವಕೀಲರ ಅಭಿಪ್ರಾಯವೂ ಅದೇ: ವರದಿ ಕ್ರಿಮಿನಲ್ ಕಡತದಲ್ಲಿದೆ, ವಿಮಾ ಕಂಪನಿಗೆ ಅದು ಇವತ್ತಲ್ಲ ನಾಳೆ ಸಿಗುತ್ತದೆ. ಪರೀಕ್ಷೆಯೇ ನಡೆಯದಿದ್ದರೂ ಬೇರೆ ಸಾಕ್ಷ್ಯಗಳಿಂದ ಕುಡಿತವನ್ನು ಸಾಬೀತು ಮಾಡಲು ವಿಮಾ ಕಂಪನಿಗೆ ಅವಕಾಶವಿದೆಯೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಪರ್ಲ್ ಬೆವರೇಜಸ್ ಪ್ರಕರಣದಲ್ಲಿ, ಸ್ವಂತ ವಾಹನದ ನಷ್ಟದ ಸಂದರ್ಭದಲ್ಲಿ, ಹೇಳಿದೆ. ಮುಚ್ಚಿಟ್ಟು ಸಿಕ್ಕಿಬೀಳುವುದಕ್ಕಿಂತ ಎಲ್ಲವನ್ನೂ ಮುಂದಿಟ್ಟು, ‘ಮೂರನೇ ವ್ಯಕ್ತಿಗೆ ಮೊದಲು ಕಂಪನಿ ಪಾವತಿಸಲಿ, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ’ ಎಂದು ಕೇಳುವುದು ಮೇಲು. ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ 2020ರಲ್ಲಿ ಯಲ್ಲವ್ವ ಪ್ರಕರಣದಲ್ಲಿ ಈ ‘ಪೇ ಅಂಡ್ ರಿಕವರ್’ ತತ್ವವನ್ನು ವಿವರವಾಗಿ ಎತ್ತಿಹಿಡಿದಿದೆ.

ಪರಿಹಾರದ ಅರ್ಜಿಯನ್ನು ಐದನೇ ತಿಂಗಳಲ್ಲೇ ಹಾಕಿದ್ದರು. ಮೋಟಾರು ವಾಹನ ಕಾಯ್ದೆಯ 166(3)ರಲ್ಲಿ ಅಂಥ ಅರ್ಜಿಗೆ ಆರು ತಿಂಗಳ ಮಿತಿ ಮತ್ತೆ ಬಂದಿರುವುದರಿಂದ ರಕ್ತದ ವರದಿಗೆ ಕಾಯದೆ ಮುಂದುವರಿದದ್ದು ಸರಿಯಾದ ಲೆಕ್ಕಾಚಾರ. ದಾಖಲೆಗಳು ಆಮೇಲೂ ಸೇರಬಹುದು, ದಾಟಿಹೋದ ಗಡುವು ಹೊಸ ಜಗಳಕ್ಕೆ ದಾರಿ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ನ್ಯಾಯಮಂಡಳಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅದನ್ನು ಬಳಸಿಕೊಂಡು ತಾಲ್ಲೂಕು ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರ್ ತರಿಸಿ, ವೈದ್ಯರ ಸಾಕ್ಷ್ಯ ಮಾಡಿಸಿದರು.

ಏನಾಯಿತು

ಯಲ್ಲವ್ವ ತೀರ್ಪು ಹಳೆಯ 149ನೇ ಕಲಮಿನ ಮೇಲಿನದು, ಹೊಸ 150ಕ್ಕೆ ಅದು ಅನ್ವಯಿಸದು ಎಂದು ವಿಮಾ ಕಂಪನಿಯ ವಕೀಲರು ವಾದಿಸಿದರು. ಎರಡು ಕಲಮುಗಳ ಕಟ್ಟು ಒಂದೇ ಬಗೆಯದು, ಮೂರನೇ ವ್ಯಕ್ತಿಯ ರಕ್ಷಣೆಯ ಉದ್ದೇಶ ಬದಲಾಗಿಲ್ಲ ಎಂದು ಅರ್ಜಿದಾರರ ವಕೀಲರು ಉತ್ತರಿಸಿದರು. ನ್ಯಾಯಮಂಡಳಿ ಅರ್ಜಿದಾರರ ಮಾತನ್ನು ಒಪ್ಪಿತು. ಚಾಲಕನ ನಿರ್ಲಕ್ಷ್ಯ ಸಾಬೀತಾಗಿದೆ, ವಿಮಾ ಕಂಪನಿ ಮೊದಲು ಪರಿಹಾರ ಜಮಾ ಮಾಡಿ ಮಾಲೀಕರಿಂದ ವಸೂಲು ಮಾಡಿಕೊಳ್ಳಬೇಕು ಎಂಬ ಆದೇಶ ಬಂತು. ಬೈಕ್ ಸವಾರನದೂ ತಪ್ಪಿದೆ ಎಂಬ ಕಂಪನಿಯ ಇನ್ನೊಂದು ವಾದ ನಿಲ್ಲದಿರುವುದಕ್ಕೆ ಸ್ಪಾಟ್ ಸ್ಕೆಚ್‌ನ ಜೊತೆಗೆ ರಕ್ತದ ವರದಿಯೂ ಕಾರಣವಾಯಿತು. ವರದಿಯನ್ನು ಮುಚ್ಚಿಟ್ಟಿದ್ದರೆ ಈ ಲಾಭ ಕೈತಪ್ಪುತ್ತಿತ್ತು.

ಹಳೆಯ ದಂಡದ ಆದೇಶವನ್ನು ಪರಿಹಾರದ ಅರ್ಜಿಗೆ ಸೇರಿಸಲಿಲ್ಲ, ಅಲ್ಲಿ ಅದಕ್ಕೆ ಕೆಲಸವಿಲ್ಲ. ಅದನ್ನು ಸಹಾಯಕ ಸರ್ಕಾರಿ ಅಭಿಯೋಜಕರಿಗೆ ಒಪ್ಪಿಸಿದರು. 185ರಲ್ಲಿ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಎರಡನೇ ಸಲಕ್ಕೆ ಎರಡು ವರ್ಷದವರೆಗೆ ಸೆರೆ ಅಥವಾ 15,000 ರೂಪಾಯಿ ಅಥವಾ ಎರಡೂ. ಹೆಚ್ಚಿನ ಶಿಕ್ಷೆ ಕೇಳಬೇಕಾದರೆ ಹಿಂದಿನ ಶಿಕ್ಷೆಯ ವಿಷಯ, ದಿನಾಂಕ, ಸ್ಥಳ ಆರೋಪದಲ್ಲೇ ಇರಬೇಕು ಎನ್ನುತ್ತದೆ ದಂಡ ಪ್ರಕ್ರಿಯಾ ಸಂಹಿತೆಯ 211(7). ಅದನ್ನು ಸಾಬೀತುಪಡಿಸಲು 298ರಂತೆ ಆ ಕೋರ್ಟಿನ ದೃಢೀಕೃತ ಪ್ರತಿ ಬೇಕು, ಜೊತೆಗೆ ಆ ಮನುಷ್ಯನೇ ಈ ಮನುಷ್ಯ ಎಂಬ ಸಾಕ್ಷ್ಯವೂ ಬೇಕು. ಇ-ಕೋರ್ಟ್ಸ್ ಪರದೆಯ ಚಿತ್ರ ಇಲ್ಲಿ ನಡೆಯದು. ಆರೋಪ ತಿದ್ದುವ ಅರ್ಜಿ ಮಂಜೂರಾಗಿದೆ, ವಿಚಾರಣೆ ಸಾಕ್ಷ್ಯದ ಹಂತದಲ್ಲಿದೆ.

ಮುಂದೆ ಹುಡುಕುವವರಿಗೆ

ಈ ಪ್ರಕರಣದಲ್ಲಿ ಕುಟುಂಬಕ್ಕೆ ತಿಳಿಯದೆ ಹೋದ ಒಂದು ಹಕ್ಕಿತ್ತು. 2022ರ ಕೇಂದ್ರ ನಿಯಮಗಳ ಪ್ರಕಾರ ತನಿಖಾಧಿಕಾರಿ ಅಪಘಾತದ 48 ಗಂಟೆಯೊಳಗೆ ನಮೂನೆ 1ರಲ್ಲಿ ಮೊದಲ ಅಪಘಾತ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಸಲ್ಲಿಸಬೇಕು. ಸಂತ್ರಸ್ತರಿಗೂ ಪ್ರತಿ ಸಿಗಬೇಕು. ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಇದನ್ನು ಕಟ್ಟುನಿಟ್ಟಾಗಿ ಪಾಲಿಸಲು ಹೇಳಿದೆ. ಎರಡು ತಿಂಗಳು ಹೆಸರು ಹುಡುಕುವ ಬದಲು ಮೊದಲ ವಾರವೇ ‘ನಮೂನೆ 1ರ ಪ್ರತಿ ಕೊಡಿ’ ಎಂದು ಬರೆದುಕೊಟ್ಟು ಸ್ವೀಕೃತಿ ಪಡೆದಿದ್ದರೆ ಚಾಲಕ, ಮಾಲೀಕ, ವಿಮೆಯ ವಿವರಗಳು ಕೈಯಲ್ಲಿರುತ್ತಿದ್ದವು.

2024ರ ಜುಲೈ 1ರ ನಂತರದ ಅಪಘಾತಗಳಿಗೆ ಕಲಮುಗಳು ಬೇರೆ. 279ರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 281 ಬಂದಿದೆ. 304ಎ ಬದಲು ಬಂದಿರುವ 106(1)ರಲ್ಲಿ ಶಿಕ್ಷೆ ಐದು ವರ್ಷದವರೆಗೆ ಏರಿದೆ. ಇ-ಕೋರ್ಟ್ಸ್‌ನಲ್ಲಿ ಕಾಯ್ದೆಯ ಮೂಲಕ ಹುಡುಕುವವರು ಎರಡೂ ಹೆಸರಿನಲ್ಲಿ ನೋಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಕಲಮಿನಂತೆ, ವಕೀಲರನ್ನು ನೇಮಿಸಿಕೊಂಡ ಸಂತ್ರಸ್ತರಿಗೆ ಪೊಲೀಸ್ ವರದಿ ಮತ್ತು ದಾಖಲೆಗಳ ಪ್ರತಿ ಉಚಿತವಾಗಿ ಸಿಗಬೇಕು. ನಕಲು ವಿಭಾಗದ ಮುಂದೆ ಕಾಯುವ ಮೊದಲು ಇದನ್ನು ಕೇಳಿ.

ಬೇಗ ಹಾಳಾಗುವ ಕಾಗದ ಯಾವುದೋ ಅದನ್ನು ಮೊದಲು ಹಿಡಿಯಬೇಕು. ಉಸಿರಿನ ಚೀಟಿ ಮಾಸುತ್ತದೆ. ಟೋಲ್, ಪೆಟ್ರೋಲ್ ಬಂಕ್, ಬಾರಿನ ಸಿಸಿಟಿವಿ ದೃಶ್ಯಗಳ ಮೇಲೆ ಕೆಲವೇ ದಿನಗಳಲ್ಲಿ ಹೊಸದು ಅಚ್ಚಾಗುತ್ತದೆ. ಅವನ್ನು ಜೋಪಾನ ಮಾಡುವಂತೆ ತನಿಖಾಧಿಕಾರಿಗೆ ಮೊದಲ ದಿನಗಳಲ್ಲೇ ಲಿಖಿತವಾಗಿ ಕೋರಬೇಕು. ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರ್ ವರ್ಷಗಟ್ಟಲೆ ಇರುತ್ತದೆ, ಅದಕ್ಕೆ ಆತುರವಿಲ್ಲ.

ಇನ್ನು ಪರವಾನಗಿ. 185ರ ಪ್ರಕರಣದಲ್ಲಿ ಪೊಲೀಸರು ಚಾಲನಾ ಪರವಾನಗಿ ವಶಪಡಿಸಿಕೊಂಡು ಪ್ರಾದೇಶಿಕ ಸಾರಿಗೆ ಕಚೇರಿಗೆ ಕಳುಹಿಸಲು 206ರಲ್ಲಿ ಅವಕಾಶವಿದೆ. ಇಲ್ಲಿ ಎಫ್‌ಐಆರ್‌ನಲ್ಲಿ 185 ಇರಲಿಲ್ಲವಾದ್ದರಿಂದ ಆ ಕೆಲಸ ಆಗಿರಲಿಲ್ಲ, ಚಾಲಕ ಎಂಟು ತಿಂಗಳೂ ಗಾಡಿ ಓಡಿಸುತ್ತಿದ್ದ. ಹೆಚ್ಚುವರಿ ದೋಷಾರೋಪಣ ಪಟ್ಟಿ ಮತ್ತು ಹಳೆಯ ದಂಡದ ಆದೇಶ, ಎರಡರ ದೃಢೀಕೃತ ಪ್ರತಿ ಲಗತ್ತಿಸಿ ಕುಟುಂಬ ಸಾರಿಗೆ ಕಚೇರಿಗೆ ಅರ್ಜಿ ಕೊಟ್ಟಿತು. ಚಾಲಕನಿಗೆ ನೋಟಿಸು ಕೊಟ್ಟು, ಅವನ ಮಾತು ಕೇಳಿ, ಸಾರಿಗೆ ಕಚೇರಿ ಪರವಾನಗಿಯನ್ನು ಅಮಾನತು ಮಾಡಿದೆ.